ನೂರಕ್ಕೊಂದು ಉದ್ದ

ನನ್ನ ಸ್ಕೇಲು ಸುಳ್ಳು ಹೇಳುತ್ತದೆ.
ಗಾಂಧಿ ಬಜಾರಿನಲ್ಲಿ ಬಟ್ಟೆ ಅಳೆಯಲು ಕೊಟ್ಟರೆ
ಅಂಗಡಿಯವ ದಿವಾಳಿ.
ಆದರೆ ಕರಗಿದ ಕಬ್ಬಿಣ ಆರುವಾಗ
ನೂರಕ್ಕೊಂದರಷ್ಟು ಕುಗ್ಗುತ್ತದೆ,
ಅದಕ್ಕೇ ಮರದಲ್ಲಿ ಅಚ್ಚು ಕೆತ್ತುವವನ ಸ್ಕೇಲು
ನೂರಕ್ಕೊಂದು ಉದ್ದ.
ಕಲಿಸಿದವರು ಭದ್ರಾವತಿಯ ಖಲೀಲ್ ಮಾಮು,
ಮೂವತ್ತು ವರ್ಷ ತೇಗದ ಪುಡಿ ಕೆಮ್ಮಿದವರು.

ಮಾಚೇನಹಳ್ಳಿಯ ನಮ್ಮ ಫೌಂಡ್ರಿಗೆ
ಹಿಂದೊಮ್ಮೆ ಹೊರದೇಶದ ನೆರವು ಬಂತು.
ಪೆಟ್ಟಿಗೆಯ ಮೇಲೆ ಬಾವುಟ,
ಪೆಟ್ಟಿಗೆಯೊಳಗೆ ಕರಾರು:
ಬಿಡಿಭಾಗ ಅಲ್ಲಿಂದಲೇ ತರಿಸಬೇಕು,
ರಿಪೇರಿಗೆ ಅಲ್ಲಿಯವನೇ ಬರಬೇಕು,
ಬಂದವನಿಗೆ ಎ.ಸಿ. ರೂಮು ಬೇಕು.
ಸಂಜೆ ಆರಕ್ಕೆ ನಮ್ಮ ಕರೆಂಟು ಸೊರಗುತ್ತದೆಂದು
ಯಂತ್ರಕ್ಕೆ ಯಾರೂ ಹೇಳಿರಲಿಲ್ಲ.
ಎರಡನೇ ವಾರಕ್ಕೆ ಮೂರ್ಛೆ ಹೋಯಿತು.
ಈಗ ನೀಲಿ ತಾಡಪಾಲಿನ ಕೆಳಗೆ
ವಾಚ್‌ಮನ್ ಗಿಡ್ಡಪ್ಪನ ಕೋಳಿ ಮೊಟ್ಟೆಯಿಡುತ್ತದೆ.
ವರದಿಯಲ್ಲಿ ಬರೆದದ್ದು: ಸ್ಥಾಪಿಸಲಾಗಿದೆ.
ಸುಳ್ಳೇನಲ್ಲ.

ಈ ಸಲ ಮೊದಲೇ ಕೇಳುತ್ತೇವೆ ಎಂದರು.
ಸಂಘದ ಹಾಲಿನಲ್ಲಿ ಬಾದಾಮಿ ಹಾಲು, ಗೋಡಂಬಿ,
ಹದಿನೆಂಟು ಪುಟದ ಫಾರಂ.
ಹದಿನೇಳನೆಯ ಪುಟದಲ್ಲಿ ಪ್ರಶ್ನೆ:
ನಿಮ್ಮ ಆದ್ಯತೆಗಳೇನು?
ಕೆಳಗೆ ಮೂರು ಗೆರೆ.

ಮರಳು ಪರೀಕ್ಷೆಯ ದಾಕ್ಷಾಯಣಮ್ಮ ಎದ್ದಳು.
ಗೆರೆ ಸಾಲದು ಸಾರ್, ಎಂದಳು.
ನಿಮ್ಮ ಪಟ್ಟಿಯಲ್ಲಿ ಕುಲುಮೆ ಮೊದಲು,
ನಮ್ಮದರಲ್ಲಿ ಒಂಬತ್ತನೆಯದು.
ಮೊದಲು ಹನ್ನೊಂದು ಫೌಂಡ್ರಿಗೂ ಸೇರಿ ಒಂದು ಲ್ಯಾಬು,
ಕಲಿಯುವ ಹುಡುಗರಿಗೆ ಆರು ತಿಂಗಳ ಕೂಲಿ,
ಬಿಚ್ಚಿ ನೋಡಲು ಬಿಡುವಂಥ ಯಂತ್ರ, ಅದರ ನಕಾಶೆ.
ಆಮೇಲೆ ಇನ್ನೊಂದು,
ಈ ಪಟ್ಟಿ ತಯಾರಾಗುವ ಕೋಣೆಯಲ್ಲಿ
ಕುರ್ಚಿ ಎಷ್ಟಿವೆ?

ಹೆಚ್ಚು ಕೊಡುವವರು ಸಹಜವಾಗಿ...
ಎಂದು ಸಾಹೇಬರು ಟೈ ಸಡಿಲಿಸಿದರು.

ನಾವೂ ಕೊಡ್ತೀವಲ್ಲ ಸಾರ್, ದೇಶದ ಹೆಸರಲ್ಲಿ,
ವರ್ಷವರ್ಷ ವಂತಿಗೆ, ಸಣ್ಣದೇ ಇರಲಿ.
ನಮ್ಮೂರ ಕೆರೆ ಹೂಳೆತ್ತುವಾಗ
ಒಂದೇ ಬುಟ್ಟಿ ಹೊತ್ತವಳಿಗೂ
ತೂಬು ತೆರೆಯುವ ದಿನ ಮಾತಿದೆ.

ಯಾರೂ ಕೆಮ್ಮಲಿಲ್ಲ. ಫ್ಯಾನು ಮಾತ್ರ ಕಿರ್ರೆಂದಿತು.

ತಂಡದ ಜೊತೆ ನೋಡಲು ಬಂದಿದ್ದ
ಜಾಂಬಿಯಾದ ಮುಲೆಂಗಾ,
ತಾಮ್ರದ ಊರಿನ ಅಚ್ಚುಗಾರ,
ದುಭಾಷಿಯ ಕಿವಿಯಲ್ಲಿ ಏನೋ ಅಂದ.
ದುಭಾಷಿ ನಗು ತಡೆದು ಹೇಳಿದ:
ಇವರ ಊರಲ್ಲಿ ತಾಡಪಾಲು ಹಸಿರಂತೆ.

ಊಟದ ಹೊತ್ತಿಗೆ ಹಾಲಸ್ವಾಮಿ ಲೆಕ್ಕ ಹಾಕುತ್ತಿದ್ದ
ಅಡಿಕೆ ಚೀಟಿಯ ಹಿಂದೆ:
ಅಲ್ಲಿ ಹೊರಟದ್ದು ನೂರು,
ಸಲಹೆಗಾರರ ಟಿಕೆಟ್ಟು, ಹೋಟೆಲು,
ಮೌಲ್ಯಮಾಪನ, ಆ ಮೌಲ್ಯಮಾಪನದ ಮೌಲ್ಯಮಾಪನ...
ಮೂವತ್ತೆಂಟಕ್ಕೆ ಬಂದು ಪೆನ್ನು ನಿಲ್ಲಿಸಿದ.
ಕಬ್ಬಿಣ ಮರ್ಯಾದಸ್ಥ, ಕುಗ್ಗಿದರೂ ಹೇಳಿ ಕುಗ್ಗುತ್ತದೆ.
ದುಡ್ಡಿನ ಅಚ್ಚಿಗೆ ಯಾವ ಸ್ಕೇಲು ಹಿಡಿಯಲಿ ನಾನು,
ಖಲೀಲ್ ಮಾಮು ಕಲಿಸಲೇ ಇಲ್ಲ.

ಮುಲೆಂಗಾ ನನ್ನ ಬೆಂಚಿನ ಬಳಿ ಬಂದ.
ಮಾತು ಬಾರದು, ನನಗೂ ಅವನಿಗೂ.
ನನ್ನ ಸ್ಕೇಲು ಎತ್ತಿ, ಮೂಸಿ ನೋಡಿ,
ತನ್ನ ಚೀಲದಿಂದ ತನ್ನದನ್ನು ತೆಗೆದ,
ಹಿತ್ತಾಳೆಯದು, ಅಂಚು ಸವೆದದ್ದು.
ಪಕ್ಕಪಕ್ಕ ಇಟ್ಟೆವು.
ಹತ್ತಕ್ಕೆ ಹತ್ತು ಕೂಡಿತು, ನೂರಕ್ಕೆ ನೂರು.
ಸಾಹೇಬರ ಫೈಲಿನ ಪ್ಲಾಸ್ಟಿಕ್ ಸ್ಕೇಲು ತಂದು
ಮೂರನೆಯದಾಗಿ ಇಟ್ಟ ಅಪ್ರೆಂಟಿಸ್ ಹುಡುಗ.
ಗೀಟು ಗೀಟಿಗೂ ಹಿಂದೆ ಬಿತ್ತು.
ಯಾರದು ಸರಿ ಉಸ್ತಾದ್? ಎಂದ.
ಏನು ಎರಕ ಹೊಯ್ಯಬೇಕೋ
ಅದನ್ನು ಕೇಳು, ಎಂದೆ.

ದಾಕ್ಷಾಯಣಮ್ಮ ಮೂರು ಗೆರೆಯ ಕೆಳಗೆ
ಬಿಳಿ ಹಾಳೆ ನಾಲ್ಕು ಲಗತ್ತಿಸಿದಳು.
ಪಿನ್ನು ಬಗ್ಗದೆ ಹೋಯಿತು,
ನನ್ನ ಮರದ ಸುತ್ತಿಗೆ ಇಸಿದುಕೊಂಡು
ಎರಡೇಟು ಹಾಕಿದಳು.

ಇದಾಗಿ ಏಳು ತಿಂಗಳು.
ಉತ್ತರ ಬಂದಿಲ್ಲ.
ತಾಡಪಾಲಿನ ಕೆಳಗೆ ಕೋಳಿ
ಕಾವಿಗೆ ಕೂತಿದೆ.